ಎಡೆಗೆ ಸಾಕಿದ ಮೀನು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಚಾಮರಾಜಪೇಟೆಯ ಮೀನಿನಂಗಡಿಗೆ ಹೋಗುವಷ್ಟರಲ್ಲೇ ನನ್ನ ಮಂಡಿ ಸೋತಿತ್ತು. ಹಿಂದಿನ ದಿನವೆಲ್ಲ ಮನೆ ತೊಳೆದದ್ದೇ ಆಗಿತ್ತು. ಅಂಗಡಿಯ ಶಕುಂತಲಮ್ಮ ನನ್ನನ್ನು ಕಂಡವಳೇ ನೀಲಿ ಡ್ರಮ್ಮಿನ ಮುಚ್ಚಳ ತೆಗೆದಳು. ಒಳಗೆ ಕೊರಮೀನು ಮೈ ತಿರುಗಿಸಿತು.

"ಕೆರೇದು ಅಕ್ಕ. ಯಜಮಾನ್ರ ಎಡೆಗೆ ಅಂತ ಎತ್ತಿಟ್ಟಿದೀನಿ."

ನಮ್ಮ ಯಜಮಾನರು ಮುನಿಕೃಷ್ಣಪ್ಪ ತರಕಾರಿ ವ್ಯಾಪಾರ ಮುಗಿಸಿ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುತ್ತಿದ್ದವರು. ಸಾಕಿದ ಮೀನು ಅವರಿಗೆ ಸೇರುತ್ತಿರಲಿಲ್ಲ. "ತೌಡು ತಿಂದು ಬೆಳೆದದ್ದಕ್ಕೆ ತೌಡಿನ ರುಚಿಯೇ" ಎನ್ನುತ್ತಿದ್ದರು. ಅವರು ಹೋದ ಮೇಲೂ ಎಡೆಗೆ ಕೆರೆ ಮೀನು ತಪ್ಪಿರಲಿಲ್ಲ.

ಈ ಸಲ ಮೊಮ್ಮಗಳು ಆರಾಧನಾ ಟೈಫಾಯ್ಡ್ ಆಗಿ ಆಸ್ಪತ್ರೆಯಿಂದ ಬಂದಿದ್ದಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುವವಳು ನಿನ್ನೆ ತಾನಾಗಿಯೇ, "ತಾತನ ಹಬ್ಬಕ್ಕೆ ಮೀನು ಮಾಡ್ತೀಯಾ ಅಜ್ಜಿ?" ಎಂದು ಕೇಳಿದ್ದಳು. ಕೊಡಬಹುದು ಎಂದು ಡಾಕ್ಟರೂ ಹೇಳಿದ್ದರು. ನಾನು ಹೊರಡುವಾಗ ಸೊಸೆ ಧನಲಕ್ಷ್ಮಿ ಬಾಗಿಲವರೆಗೂ ಬಂದಳು.

"ಕೆರೆ ಮೀನು ಬೇಡ ಅತ್ತೆ. ಊರ ಮೋರಿ ನೀರೆಲ್ಲ ಅಲ್ಲಿಗೇ ಹೋಗುತ್ತೆ. ಮಗು ಈಗಷ್ಟೇ ಎದ್ದಿದೆ."

ಎರಡು ಸಾರು ಮಾಡೋಣವೆಂದರೆ ನಮ್ಮಲ್ಲಿ ಆ ಪದ್ಧತಿಯಿಲ್ಲ. ಹಿರಿಯರಿಗೆ ಬಡಿಸಿದ ಪಾತ್ರೆಯಿಂದಲೇ ಮನೆಯವರೂ ಉಣ್ಣಬೇಕು.

"ಐಸ್ ಮೇಲಿರೋದು ಯಾವ್ದು?" ಎಂದೆ.

"ಕಾಟ್ಲಾ. ಹೊಂಡದಲ್ಲಿ ಸಾಕಿದ್ದು. ಯಜಮಾನ್ರು ಅದನ್ನ ಮೀನು ಅಂತಾನೇ ಒಪ್ತಿರ್ಲಿಲ್ವಲ್ಲ."

"ಈಗ ಜಗಳಕ್ಕೆ ಬರಲ್ಲ ಬಿಡು. ಅದನ್ನೇ ಕೊಯ್ದು ಕೊಡು."

"ಕನಸಲ್ಲಿ ಬಂದ್ರೆ?"

"ನಿನ್ನ ಅಂಗಡಿ ಅಡ್ರೆಸ್ ಕೊಡ್ತೀನಿ."

ಶಕುಂತಲಮ್ಮ ನಗುತ್ತಾ ಡ್ರಮ್ಮು ಮುಚ್ಚಿದಳು. ನನಗೆ ನಗು ಬರಲಿಲ್ಲ.

ಸಾರು ಕುದಿಸಿ, ವಡೆ ಕರಿದು, ಯಜಮಾನರ ಫೋಟೋದ ಮುಂದೆ ಎಲೆ ಹಾಕಿ ಬಡಿಸಿದೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚುವ ಮುಂಚೆ ಯಜಮಾನರಿಗೆ ಹೇಳಿಬಿಟ್ಟೆ: "ಸಾಕಿದ ಮೀನು ಕಣ್ರೀ. ಮಗೂನೂ ತಿನ್ಬೇಕು. ಹೊಂದ್ಕೊಳ್ಳಿ."

ಆಮೇಲೆ ಎಡೆಯಿಂದ ಒಂದಿಷ್ಟು ತೆಗೆದು ತಾರಸಿಯ ಗೋಡೆಯ ಮೇಲಿಟ್ಟೆವು. ಕಾಗೆ ಬಂದು ವಡೆಯನ್ನು ಕಚ್ಚಿಕೊಂಡು ಹಾರಿತು. ಮೀನನ್ನು ಮುಟ್ಟಲಿಲ್ಲ. ಕಾದೆವು, ತಿರುಗಿ ಬರಲಿಲ್ಲ. ಧನಲಕ್ಷ್ಮಿಯ ಮುಖ ಸಣ್ಣಗಾಯಿತು.

"ನಾನು ಬೇಡ ಅಂದಿದ್ದಕ್ಕೆ ಮಾವಂಗೆ ಬೇಜಾರಾಯ್ತೇನೋ ಅತ್ತೆ."

"ಬೇಜಾರಾದಾಗ್ಲೆಲ್ಲ ವಡೆ ಮಾತ್ರ ತಿಂದು ಏಳೋದು ಅವರ ಹಳೇ ಚಾಳಿ. ಬಾ, ಮಗು ಹಸ್ಕೊಂಡಿದೆ."

ಹಾಗೆಂದೆನಾದರೂ ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದೆ. ಮೀನು ಅಲ್ಲೇ ಬಿಸಿಲಿಗೆ ಬಿದ್ದಿತ್ತು.

ಊಟಕ್ಕೆ ಕೂತು ನಾನೊಂದು ತುಂಡು ಬಾಯಿಗಿಟ್ಟೆ. ಸಪ್ಪೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಆರಾಧನಾ ತನ್ನ ಎಲೆಯನ್ನು ನನ್ನ ಕಡೆ ಸರಿಸಿದಳು.

"ಇನ್ನೊಂದು ಹಾಕು ಅಜ್ಜಿ. ಮುಳ್ಳು ತೆಗೆದು."

ಕಾಟ್ಲಾದಲ್ಲಿ ಸಣ್ಣ ಮುಳ್ಳು ಬಹಳ, ನನ್ನ ಕಣ್ಣೂ ಮಂಜು. ಒಂದೊಂದಾಗಿ ಬೆರಳಿಗೆ ಸಿಕ್ಕಿದ್ದನ್ನು ಬಿಡಿಸುತ್ತಾ ಕೂತೆ. ಅವಳು ತಿನ್ನುತ್ತಾ ಹೋದಳು. ನನ್ನ ಎಲೆಯ ಸಾರು ಆರಿಹೋಯಿತು.