ಹದಿಮೂರನೆಯ ಚೌಕ

ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಹೋದ ಮೇಲೆ ಮೊದಲ ಹದಿನೈದು ದಿನ ನಮ್ಮ ಮನೆಯಲ್ಲಿ ನೋಟ್‌ಬುಕ್ಕೇ ಮಾತಾಡಿತು. ಅಪ್ಪ ಬರೆಯಬೇಕು, ಅಮ್ಮ ಕನ್ನಡಕ ಹುಡುಕಬೇಕು, ಅದು ಸಿಗುವಷ್ಟರಲ್ಲಿ ಅಪ್ಪ ಪೆನ್ನು ಬಿಸಾಡಿರುತ್ತಿದ್ದರು. ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ‘ಬ್ರೇಕ್, ಬ್ರೇಕ್’ ಎಂದು ಕೂಗಿದ ಮನುಷ್ಯ. ಹೇಳಿದ್ದು ಆ ಕ್ಷಣಕ್ಕೇ ಮುಟ್ಟಬೇಕು. ಕೂಗಿ ಗಂಟಲು ಸೋತಾಗ ಮಾತ್ರ ಡ್ಯಾಶ್‌ಬೋರ್ಡನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ನಡಿ, ಗಾಡಿ ಎತ್ತು ಎಂದು ಅರ್ಥ.

ಹಾಗಾಗಿ ನಾನು ಹಳೆಯ ಟ್ಯಾಬ್‌ನಲ್ಲಿ ಒಂದು ಆ್ಯಪ್ ಹಾಕಿಕೊಟ್ಟೆ. ಪರದೆ ತುಂಬ ಹನ್ನೆರಡು ಚೌಕ. ಒತ್ತಿದರೆ ಮಾತು ಬರುತ್ತದೆ. ನೀರು ಬೇಕು. ನೋವಾಗ್ತಿದೆ. ಟಿವಿ ಸಣ್ಣಗೆ ಮಾಡು. ಸಾಕು. ಬೇಡ. ಅದರ ಯಂತ್ರದ ದನಿ ರೈಲು ತಡವಾಗಿದೆ ಎಂದು ಸಾರುವ ಹಾಗಿತ್ತು. ಅದನ್ನು ತೆಗೆದು, ಬಚ್ಚಲಿನ ಬಾಗಿಲು ಹಾಕಿಕೊಂಡು ಹನ್ನೆರಡನ್ನೂ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ತಪ್ಪಾಗಿದ್ದು ಅಲ್ಲೇ.

ಯಾಕೆಂದರೆ ಅವರಿಬ್ಬರಿಗೆ ಸಿಟ್ಟು ಬಂದಾಗಲೆಲ್ಲ ಮಾತು ಹೋಗಿಬರುತ್ತಿದ್ದುದು ನನ್ನ ಮೂಲಕ. ‘ನಿಮ್ಮಪ್ಪಂಗೆ ಹೇಳು, ಬಡಿಸಿದೀನಿ ಅಂತ.’ ‘ನಿಮ್ಮಮ್ಮಂಗೆ ಹೇಳು, ಹಸಿವಿಲ್ಲ.’ ಮೂವರೂ ಒಂದೇ ಕೋಣೆಯಲ್ಲಿರುತ್ತಿದ್ದೆವು. ಈಗ ಅಪ್ಪ ಚೌಕ ಒತ್ತಿದರೆ ಅಮ್ಮ ತಿರುಗುವುದು ನನ್ನ ಕಡೆಗೆ.

ಸೋಮವಾರದಿಂದ ರೇಡಿಯೇಷನ್ ಶುರುವಾಗಬೇಕಿತ್ತು. ಆರು ವಾರ, ವಾರಕ್ಕೆ ಐದು ದಿನ. ತಡ ಮಾಡುವ ಹಾಗಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಶನಿವಾರ ಸಂಜೆ ಅಮ್ಮ ಲಾಂಡ್ರಿಯಿಂದ ಬಂದಳು. ದಿನವಿಡೀ ಬಟ್ಟೆಗಳಿಗೆ ನಂಬರಿನ ಚೀಟಿ ಪಿನ್ ಮಾಡಿ, ಚುಚ್ಚಿದ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಚಪ್ಪಲಿ ಬಿಡುತ್ತಲೇ ಕೇಳಿದಳು, ‘ರೀ, ಸೋಮವಾರ ರಜಾ ಹಾಕಿದೀನಿ. ಏಳಕ್ಕೆ ಹೊರಡೋಣ, ಅಲ್ವಾ?’

ಅಪ್ಪ ಒತ್ತಿದರು. ‘ಬೇಡ,’ ಎಂದಿತು ನನ್ನ ದನಿ.

‘ನೀನು ಸುಮ್ನಿರೇ,’ ಎಂದಳು ಅಮ್ಮ ನನಗೆ.

‘ನಾನಲ್ಲಮ್ಮ, ಅಪ್ಪ.’

‘ಗೊತ್ತು. ನಿಮ್ಮಪ್ಪಂಗೆ ಹೇಳು, ಆಸ್ಪತ್ರೆಯವ್ರು ನಮ್ಮನೆ ನೆಂಟರಲ್ಲ, ಬೇಕಾದಾಗ ಡೇಟ್ ಕೊಡೋಕೆ.’

‘ಬೇಡ. ಸಾಕು. ಬೇಡ.’

ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಯಾವತ್ತೂ ಬೇಡ ಅಂದವಳಲ್ಲ. ಅಮ್ಮ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಭಾನುವಾರ ಮಧ್ಯಾಹ್ನ ಅಪ್ಪನಿಗೆ ನಿದ್ದೆ ಹತ್ತಿದಾಗ, ನನ್ನ ದನಿಯ ಹನ್ನೆರಡನ್ನೂ ಅಳಿಸಿ ಟ್ಯಾಬನ್ನು ಅಮ್ಮನ ಮುಂದಿಟ್ಟೆ.

‘ಇನ್ಮೇಲೆ ನೀನೇ ಹೇಳು.’

‘ಅವರ ಮಾತು ನಾನ್ಯಾಕೆ ಆಡ್ಲಿ?’

‘ಇಷ್ಟು ವರ್ಷ ನಾನು ಆಡ್ಲಿಲ್ವಾ?’

ಅಮ್ಮ ಟ್ಯಾಬನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ಯಾವುದನ್ನ ಒತ್ತಬೇಕು?’

‘ಟಿವಿ ಸಣ್ಣಗೆ ಮಾಡು’ ಎನ್ನುವಾಗ ಥೇಟ್ ಅಪ್ಪನ ಹಾಗೆಯೇ ಗದರಿದಳು. ‘ನನ್ನ ಹಣೆಬರಹ ನೋಡು. ಇನ್ಮೇಲೆ ಬೈಸ್ಕೊಳ್ಳೋದೂ ನನ್ನ ಬಾಯಿಂದಲೇ.’ ಇಬ್ಬರಿಗೂ ನಗು ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

‘ಬೇಡ’ ಎಂಬ ಚೌಕಕ್ಕೆ ಬಂದು ನಿಂತಳು. ಒಮ್ಮೆ ಸಿಟ್ಟಿನಲ್ಲಿ ಹೇಳಿ ಅಳಿಸಿದಳು. ಮೆಲ್ಲಗೆ ಹೇಳಿ ಅದನ್ನೂ ಅಳಿಸಿದಳು. ಮೂರನೆಯ ಸಲ ಬಾಯಿ ತೆರೆದವಳು ಟ್ಯಾಬನ್ನು ಮಡಿಲಿಗಿಳಿಸಿದಳು.

‘ಆ ಮೆಷಿನ್ ಕೆಳಗೆ ಒಬ್ಬರನ್ನೇ ಮಲಗಿಸಿ, ಬಾಗಿಲು ಹಾಕ್ಕೊಂಡು ಎಲ್ರೂ ಆಚೆ ಹೋಗ್ತಾರಂತೆ,’ ಎಂದಳು. ‘ಕೂಗೋಕೂ ಇವರಿಗೆ ದನಿ ಇಲ್ಲ.’

ಆಮೇಲೆ ‘ಬೇಡ’ವನ್ನು ಒಂದೇ ಉಸಿರಿಗೆ ಮುಗಿಸಿ, ‘ಇನ್ನೊಂದು ಚೌಕ ಸೇರಿಸೋಕಾಗುತ್ತಾ?’ ಎಂದು ಕೇಳಿದಳು. ಸೇರಿಸಿಕೊಟ್ಟೆ. ನನ್ನನ್ನು ಆಚೆ ಹೋಗು ಎಂದಳು.

ಸಂಜೆ ಅಪ್ಪ ಎದ್ದು ನೀರಿನ ಚೌಕ ಒತ್ತಿದರು. ಅಮ್ಮನ ದನಿ ಕೇಳಿ ಬೆಚ್ಚಿ, ಅಮ್ಮನನ್ನು ನೋಡಿದರು. ಅವಳೇ ಎದ್ದು ನೀರು ತಂದುಕೊಟ್ಟಳು.

‘ನಾಳೆ ಏಳಕ್ಕೆ ರೀ.’

‘ಬೇಡ.’

ಈ ಸಲ ನನ್ನ ಕಡೆ ತಿರುಗುವ ಹಾಗಿರಲಿಲ್ಲ, ದನಿ ಅಮ್ಮನದೇ. ನಾನು ಬಾಗಿಲ ಹತ್ತಿರ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಅಮ್ಮ ಅಪ್ಪನ ಮುಖವನ್ನೇ ನೋಡಿದಳು. ‘ಕೆಳಗೆ ಹೊಸದೊಂದಿದೆ, ಒತ್ತಿ.’

ಆ ಚೌಕದ ಮೇಲೆ ಏನೂ ಬರೆದಿರಲಿಲ್ಲ. ಅಪ್ಪ ಒತ್ತಿದರು.

‘ನಂಗೆ ಭಯ ಆಗ್ತಿದೆ ಕಣೇ.’

ಅಪ್ಪ ಬಿಸಿ ತಗುಲಿದವರ ಹಾಗೆ ಕೈ ಹಿಂದೆಗೆದುಕೊಂಡರು. ಬಹಳ ಹೊತ್ತಾದ ಮೇಲೆ, ಯಾರೂ ಹೇಳದೆ, ಅವರೇ ಅದನ್ನು ಇನ್ನೊಮ್ಮೆ ಒತ್ತಿದರು.

‘ನಂಗೂ ರೀ,’ ಎಂದಳು ಅಮ್ಮ. ‘ಬಾಗಿಲ ಹತ್ರಾನೇ ಕೂತಿರ್ತೀನಿ. ಎಲ್ಲೂ ಹೋಗಲ್ಲ.’

ಅಪ್ಪನ ಬೆರಳು ಪರದೆಯ ಮೇಲೆ ಹುಡುಕಾಡಿತು. ಹೂಂ ಎನ್ನುವುದಕ್ಕೆ ಅಲ್ಲಿ ಚೌಕವೇ ಇರಲಿಲ್ಲ. ಅದನ್ನು ಮಾಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ಟ್ಯಾಬನ್ನು ಪಕ್ಕಕ್ಕೆ ಸರಿಸಿ, ಮೇಜನ್ನು ಬೆರಳಿನಿಂದ ಎರಡು ಸಲ ತಟ್ಟಿದರು.

‘ಆರಕ್ಕೆ ಅಲಾರಾಂ ಇಡ್ತೀನಿ,’ ಎಂದಳು ಅಮ್ಮ, ಅವರಿಗೇ.