ಎಡಗಡೆ ನೋಡಿದ್ಯಾ?

ಯುಗಾದಿ ಕಳೆದ ಮೇಲೆ ಶಿವರಾಮಯ್ಯ ಮಗಳ ಜೊತೆ ಮಾತು ಬಿಟ್ಟವನು, ಆಷಾಢ ಬಂದರೂ ಬಾಯಿ ಬಿಟ್ಟಿರಲಿಲ್ಲ. ಗುಬ್ಬಿಯ ಆ ಮನೆಯಲ್ಲಿ ಇದ್ದವರೇ ಮೂವರು. ಅವರಲ್ಲಿ ಇಬ್ಬರು ಮುಖ ತಿರುಗಿಸಿಕೊಂಡು ಓಡಾಡಿದರೆ ಮೂರನೆಯವಳ ಪಾಡೇನು? ಹೆಂಡತಿ ಮಹಾಲಕ್ಷ್ಮಮ್ಮ ಒಲೆಯ ಮುಂದೆ ನಿಂತು, ಇವರ ಮಾತನ್ನು ಅವಳಿಗೂ ಅವಳ ಮಾತನ್ನು ಇವರಿಗೂ ದಾಟಿಸಿ ದಾಟಿಸಿ ಸುಸ್ತಾಗಿದ್ದಳು.

ಶಿವರಾಮಯ್ಯ ಸರ್ಕಾರಿ ಬಸ್ಸಿನ ಡ್ರೈವರ್. ತುಮಕೂರಿನಿಂದ ಕುಣಿಗಲ್ ಮೇಲೆ ಮೈಸೂರಿಗೆ ಹೋಗುವ ಗಾಡಿ ಅವನದು. ದಾರಿಯ ಒಂದೊಂದು ಹಂಪೂ ಅವನ ಸೊಂಟಕ್ಕೆ ಗೊತ್ತಿತ್ತು. ಹೋದ ವರ್ಷದ ಕೊನೆಯಲ್ಲಿ ಒಂದು ದಿನ ಮಗಳು ಆಶಾರಾಣಿ ಅದೇ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದಳು. ಹೆಬ್ಬೂರಿನ ಹತ್ತಿರ ಎಡಗಡೆಯ ಮಣ್ಣುರಸ್ತೆಯಿಂದ ಹೆಣ್ಣುಮಗಳೊಬ್ಬಳು ಟಿವಿಎಸ್ ಮೇಲೆ ಬಂದಳು. ಕಂಡಕ್ಟರ್ ಕಿರುಚಿದ ಮೇಲೆ ಶಿವರಾಮಯ್ಯ ಬ್ರೇಕ್ ತುಳಿದ. ಎಲ್ಲರೂ ಆ ಹೆಂಗಸನ್ನು ಬೈದರು. ಆಶಾ ಮಾತ್ರ ಅಪ್ಪನ ಮುಖ ನೋಡುತ್ತಿದ್ದಳು. ಅವನು ಹೆದರಿರಲಿಲ್ಲ. ಏನಾಯಿತೆಂದೇ ಅವನಿಗೆ ತಿಳಿದಿರಲಿಲ್ಲ.

ಕನ್ನಡಕ ಬದಲಾಯಿಸುವ ನೆಪ ಹೇಳಿ ತುಮಕೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ಗ್ಲಾಕೋಮಾ ಎಂದರು. ಎಡಗಣ್ಣಿನ ಅಂಚಿನ ನೋಟವೆಲ್ಲ ಹೋಗಿದೆ, ನಡುವೆ ಕಿಂಡಿಯಷ್ಟು ಉಳಿದಿದೆ, ಬಲಗಣ್ಣಿಗೂ ಶುರುವಾಗಿದೆ, ಡ್ರೈವಿಂಗ್ ಬೇಡ. ಶಿವರಾಮಯ್ಯ ನಕ್ಕುಬಿಟ್ಟ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಆಗಷ್ಟೇ ಗಟ್ಟಿಯಾಗಿ ಓದಿದ್ದ. ಇಷ್ಟು ಓದುವವನಿಗೆ ಕಣ್ಣು ಹೋಗಿದೆ ಅಂದರೆ ಯಾವ ನ್ಯಾಯ? ಮಾರನೆಯ ದಿನ ಎಂದಿನಂತೆ ಡ್ಯೂಟಿಗೆ ಹೋದ. ಮಗಳು ಹೇಳಿದಳು, ಅತ್ತಳು, ಜಗಳವಾಡಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಯುಗಾದಿಯಾದ ವಾರಕ್ಕೆ ಡಿಪೋದಲ್ಲಿ ಕರೆದು ಮೆಡಿಕಲ್ ಟೆಸ್ಟಿಗೆ ಕಳಿಸಿದರು. ಸ್ಟೀರಿಂಗ್ ಕೈತಪ್ಪಿತು. ಟೈರ್ ಸೆಕ್ಷನ್ನಿನಲ್ಲಿ ಲೈಟ್ ಡ್ಯೂಟಿ ಕೊಟ್ಟರು. ಒಬ್ಬ ಅಧಿಕಾರಿ ಸಮಾಧಾನ ಹೇಳಲು ಹೋಗಿ, "ನಿಮ್ಮ ಮಗಳು ಬಂದು ಹೇಳಿದ್ದೇ ಒಳ್ಳೇದಾಯ್ತು ಬಿಡಿ, ಶಿವರಾಮಯ್ಯ" ಎಂದುಬಿಟ್ಟರು. ಅವತ್ತು ಮನೆಗೆ ಬಂದವನು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತು, "ಅನ್ನ ಹಾಕ್ದೋನ ಕೈ ಕಡಿದ್ಬುಟ್ಟಳು ಇವಳು" ಎಂದ. ಆಮೇಲೆ ಅವಳ ಜೊತೆ ಮಾತಿಲ್ಲ.

ಆಶಾರಾಣಿ ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿ ಇದ್ದವಳು. ಈಗ ಕುಣಿಗಲ್ ದೊಡ್ಡಕೆರೆಯ ದಂಡೆಯಲ್ಲಿ ಹಾಯಿದೋಣಿ ಕಲಿಸುವ ಒಂದು ಸಣ್ಣ ಕೇಂದ್ರದಲ್ಲಿ ಕೆಲಸ. ನೌಕಾಪಡೆಯಿಂದ ನಿವೃತ್ತರಾದ ಅಂಜನಮೂರ್ತಿ ಅದನ್ನು ನಡೆಸುತ್ತಿದ್ದರು. ಆಷಾಢದ ಒಂದು ಭಾನುವಾರ ಅಲ್ಲಿ ಕಲಿಯುವವರ, ಕಲಿಸುವವರ ಮನೆಯವರಿಗೆಲ್ಲ ಕರೆ ಇತ್ತು. ಮಹಾಲಕ್ಷ್ಮಮ್ಮ ಗಂಡನನ್ನು ಬೆಳಿಗ್ಗೆಯೇ ಎಬ್ಬಿಸಿ, "ನನ್ ಮಂಡಿ ನೋವು, ನಾ ಬರಕಾಗಲ್ಲ. ನೀವೂ ಹೋಗ್ದಿದ್ರೆ ಆ ಹುಡುಗಿಗೆ ಯಾರೂ ಇಲ್ಲ ಅನ್ಕೋತಾರೆ ಜನ" ಎಂದು ಬಸ್ಸು ಹತ್ತಿಸಿದಳು.

ಕೆರೆ ತುಂಬಿತ್ತು. ಗಾಳಿ ಪಡುವಣದಿಂದ ಬೀಸಿ ನೀರನ್ನು ಸಣ್ಣಸಣ್ಣದಾಗಿ ಮಡಿಸುತ್ತಿತ್ತು. ಬಿಳಿ ಹಾಯಿಗಳು ಅಲ್ಲಲ್ಲಿ ಓಲಾಡುತ್ತಿದ್ದವು. ಶಿವರಾಮಯ್ಯ ದಂಡೆಯ ಮೇಲೆ ಕೈಕಟ್ಟಿ ನಿಂತ. ಅಂಜನಮೂರ್ತಿ ದೂರದಿಂದಲೇ ಗುರುತು ಹಿಡಿದರು.

"ಏನ್ ಶಿವರಾಮಣ್ಣ! ನಿಮ್ ಬಸ್ಸಲ್ಲಿ ಎಷ್ಟು ವರ್ಷ ಓಡಾಡಿಲ್ಲ ನಾನು! ಬನ್ನಿ, ಇವತ್ತು ನೀವು ನಮ್ ಗಾಡಿ ಓಡಿಸ್ಬೇಕು."

"ನನ್ ಕೈಗೆ ಗಾಡಿ ಕೊಡಬಾರ್ದು ಅಂತ ಆರ್ಡರ್ ಆಗಿದೆ ಸಾರ್," ಎಂದ ಶಿವರಾಮಯ್ಯ, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ.

ಆಶಾ ತಲೆ ತಗ್ಗಿಸಿ ಹಗ್ಗ ಬಿಗಿಯುತ್ತಿದ್ದಳು. ಅಂಜನಮೂರ್ತಿಗೆ ಒಳಗಿನ ಕತೆ ಗೊತ್ತಿರಲಿಲ್ಲ. ನಗುತ್ತಾ ಲೈಫ್ ಜಾಕೆಟ್ ತಂದು ತೊಡಿಸಿದರು. ಬೇಡ ಎನ್ನಲು ಬಾಯಿ ತೆರೆದ ಶಿವರಾಮಯ್ಯನಿಗೆ ಅಷ್ಟರಲ್ಲಿ ಬೇರೊಂದು ಯೋಚನೆ ಬಂತು. ಇವಳ ಕಣ್ಣೆದುರಿಗೇ ಓಡಿಸಿ ತೋರಿಸಿದರೆ? ಆಗಲಾದರೂ ತಾನು ಮಾಡಿದ್ದು ಏನು ಅಂತ ಇವಳಿಗೆ ತಿಳಿಯಲಿ. ಪ್ಯಾಂಟು ಮಡಿಸಿ ದೋಣಿ ಹತ್ತಿದ.

ಇಬ್ಬರಿಗಷ್ಟೇ ಜಾಗವಿದ್ದ ಪುಟ್ಟ ದೋಣಿ. ಹಿಂದುಗಡೆ ಅವನು, ಮುಂದುಗಡೆ ಆಶಾ. ಚುಕ್ಕಾಣಿಯನ್ನು ತಿರುಗಿಸಲು ಉದ್ದನೆಯ ಮರದ ಹಿಡಿ, ದೊಡ್ಡ ಹಾಯಿಯನ್ನು ಎಳೆಯಲು ಒಂದು ಹಗ್ಗ, ಎರಡೂ ಅವನ ಕೈಯಲ್ಲಿ. ಮುಂದಿನ ಚಿಕ್ಕ ಹಾಯಿ ಅವಳದು. ಆಶಾ ಹೊಸಬರಿಗೆ ಹೇಳುವಂತೆಯೇ ಹೇಳಿದಳು.

"ಗಾಳಿಗೆದುರಾಗಿ ನೆಟ್ಟಗೆ ಹೋಗಕ್ಕಾಗಲ್ಲ ಅಪ್ಪ. ಓರೆಯಾಗಿ ಸ್ವಲ್ಪ ದೂರ ಹೋಗ್ಬೇಕು, ಆಮೇಲೆ ಮೂತಿ ತಿರುಗಿಸಿ ಆ ಕಡೆಗೆ ಓರೆಯಾಗಿ. ಆ ತಿರುವಿಗೇ ಟ್ಯಾಕ್ ಅನ್ನೋದು. ತಿರುಗೋ ಮುಂಚೆ ನೀನು 'ರೆಡಿನಾ' ಅಂತ ಕೇಳ್ಬೇಕು, ನಾನು 'ರೆಡಿ' ಅನ್ಬೇಕು. ಹಿಡಿನ ಹಾಯಿ ಕಡೆಗೆ ನೂಕು. ಹಾಯಿ ಕೆಳಗಿನ ದಂಡ ತಲೆ ಮೇಲೆ ಹಾದು ಈ ಕಡೆಗೆ ಬರುತ್ತೆ, ಬಗ್ಗು. ಬಗ್ಗಿ, ಆ ಪಕ್ಕಕ್ಕೆ ಹೋಗಿ ಕೂತ್ಕೋ."

ಅವನು ಹಗ್ಗ ಎಳೆದು ದೋಣಿ ಹೊರಡಿಸಿದ.

ಮೊದಲ ತಿರುವೇ ಕೆಟ್ಟಿತು. ಹಿಡಿಯನ್ನು ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ಹೋಗುತ್ತದೆ. ಬಾಳೆಲ್ಲ ಸ್ಟೀರಿಂಗ್ ಹಿಡಿದ ಕೈಗೆ ಇದು ಸುಳ್ಳು ಹೇಳಿದಂತಿತ್ತು. ಅರ್ಧ ತಿರುಗಿದ ದೋಣಿ ಗಾಳಿಗೆ ಮುಖ ಕೊಟ್ಟು ನಿಂತೇ ಬಿಟ್ಟಿತು. ಹಾಯಿ ಒಣಗಹಾಕಿದ ಸೀರೆಯಂತೆ ಪಟಪಟ ಬಡಿದುಕೊಂಡಿತು. ದೋಣಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

"ಎಲ್ಲಾರ್ಗೂ ಮೊದಲ್ನೇ ಸಲ ಹಿಂಗೇ ಆಗೋದು," ಎಂದಳು ಆಶಾ.

ಎಲ್ಲರ ಸಾಲಿಗೆ ತನ್ನನ್ನು ಸೇರಿಸಿದ್ದು ಅವನಿಗೆ ಚುಚ್ಚಿತು. ಎರಡನೆಯದು ಹೇಗೋ ಆಯಿತು, ದಂಡ ಕಿವಿಯ ಪಕ್ಕ ಸವರಿಕೊಂಡು ಹೋಯಿತು. ಮೂರನೆಯದು ಚೆನ್ನಾಗಿಯೇ ಆಯಿತು. ಹಾಯಿ ಗಾಳಿ ತುಂಬಿಕೊಂಡಾಗ ದೋಣಿ ಒಂದು ಮಗ್ಗುಲಿಗೆ ವಾಲಿ ಸರ್ರನೆ ನುಗ್ಗಿತು. ಶಿವರಾಮಯ್ಯನ ಎದೆಯಲ್ಲಿ ಎಷ್ಟೋ ದಿನಗಳಿಂದ ಸತ್ತುಬಿದ್ದಿದ್ದ ಏನೋ ಎದ್ದು ಕೂತಿತು. ನೋಡು, ನಾನು ಓಡಿಸಬಲ್ಲೆ.

ಕೆರೆಯ ನಡುವಿಗೆ ಬಂದಾಗ ಅವನು ಎಡ ಅಂಚಿನಲ್ಲಿ ಕೂತಿದ್ದ. ಮುಂದಿನ ತಿರುವು ಎಡಕ್ಕೆ. ಚಿಕ್ಕ ಹಾಯಿಯ ಹಗ್ಗ ಗಂಟುಬಿದ್ದು ಆಶಾ ಬಗ್ಗಿ ಅದನ್ನು ಬಿಡಿಸುತ್ತಿದ್ದಳು.

"ಎಡಗಡೆ ನೋಡಿದ್ಯಾ ಅಪ್ಪ?"

ಅವನು ಆ ಕಡೆ ಕತ್ತು ಹೊರಳಿಸಿದ. ನೀರು, ಆಚೆಗೆ ದಡ, ದಡದ ಮೇಲೆ ಆಕಾಶ. "ಏನೂ ಇಲ್ಲ," ಎಂದ. ಅಷ್ಟು ತಿಂಗಳ ಮೇಲೆ ಮಗಳಿಗೆ ಅವನು ಆಡಿದ ಮೊದಲ ಮಾತು ಅದು. 'ರೆಡಿನಾ' ಎಂದು ಈ ಸಲವೂ ಕೇಳದೆಯೇ ಹಿಡಿಯನ್ನು ನೂಕಿದ.

"ಅಪ್ಪಾ! ತೆಪ್ಪ!"

ಯಾವ ತೆಪ್ಪ ಎಂದು ಅವನು ಹುಡುಕುತ್ತಿರುವಾಗಲೇ ದೋಣಿಯ ಮೂತಿ ಯಾವುದಕ್ಕೋ ಬಡಿದು ಅವನ ಮೈಯ ಎಲುಬೆಲ್ಲ ಅದುರಿತು. ಇಲ್ಲದ ಜಾಗದಿಂದ ಎದ್ದು ಬಂದಂತೆ ಒಂದು ದುಂಡನೆಯ ಮೀನುತೆಪ್ಪ ಅವನ ಮುಂದೆಯೇ ಮಗುಚಿತು. ಅದರಲ್ಲಿದ್ದ ಮುದುಕ ಬಲೆಯ ಸಮೇತ ನೀರಿಗೆ ಬಿದ್ದ. ಆಶಾ ಅಡ್ಡಡ್ಡ ಬಿದ್ದು ಅವನ ತೋಳು ಹಿಡಿದಳು. ಅಲೆಗೆ ತೆಪ್ಪ ಎದ್ದು ದೋಣಿಗೆ ಅಪ್ಪಳಿಸಿದಾಗ ಅವಳ ಬಲಗೈ ಎರಡರ ನಡುವೆ ಸಿಕ್ಕಿತು. ಅವಳು ಚೀರಿದಳೇ ಹೊರತು ಹಿಡಿದ ತೋಳು ಬಿಡಲಿಲ್ಲ. ಶಿವರಾಮಯ್ಯ ಹಿಡಿ, ಹಗ್ಗ ಎಲ್ಲ ಬಿಟ್ಟು ಮುಂದಕ್ಕೆ ತೆವಳಿ ಮುದುಕನ ಕಾಲಿಗೆ ಸುತ್ತಿದ್ದ ಬಲೆಯನ್ನು ಕಿತ್ತ. ಇಬ್ಬರೂ ಸೇರಿ ಅವನನ್ನು ದೋಣಿಯ ಅಂಚಿಗೆ ಎಳೆದುಕೊಂಡರು.

ಚಿಕ್ಕಮಾರಯ್ಯ ಎಂದು ಆ ಮುದುಕನ ಹೆಸರು. ಕೆಮ್ಮಿ ಕೆಮ್ಮಿ ನೀರು ಕಾರಿದ. ಉಸಿರು ಬಂದೊಡನೆ ಕೆಂಗಣ್ಣಿನಿಂದ ಶಿವರಾಮಯ್ಯನನ್ನು ನೋಡಿದ.

"ಬೆಳಕರ್ದಾಗ್ಲಿಂದ ಅಲ್ಲೇ ಕುಂತಿವ್ನಿ! ಬ್ಯಾಡ ಬ್ಯಾಡ ಅಂತ ಕೈ ಬೀಸ್ತಾ ಇವ್ನಿ, ನನ್ ಮೇಲೇ ಬತ್ತೀಯಲ್ಲಯ್ಯಾ! ಕಣ್ ಕಾಣಾಕಿಲ್ವಾ ನಿಂಗೆ?"

ರಸ್ತೆಯಲ್ಲಿ ಎಷ್ಟು ಸೈಕಲ್ಲಿನವರಿಗೆ, ಎಷ್ಟು ಆಟೋದವರಿಗೆ ಇದೇ ಮಾತನ್ನು ಶಿವರಾಮಯ್ಯ ಬೈದಿದ್ದನೋ ಲೆಕ್ಕವಿಲ್ಲ. ಆ ಮಾತಿಗೆ ಬೈದವನು ಉತ್ತರ ಕೇಳುವುದಿಲ್ಲ, ಬೈಸಿಕೊಂಡವನು ಕೊಡುವುದಿಲ್ಲ. ಅವನು ಮುದುಕನ ಒದ್ದೆ ಮುಖವನ್ನೇ ನೋಡುತ್ತಾ ಹೇಳಿದ:

"ಇಲ್ಲ ಕಣಯ್ಯ. ಕಾಣಲ್ಲ."

ಆಶಾ ತಟ್ಟನೆ ತಲೆಯೆತ್ತಿದಳು. ಮುದುಕನ ಬೈಗುಳ ಅರ್ಧಕ್ಕೇ ನಿಂತಿತು.

ಅಂಜನಮೂರ್ತಿ ಮೋಟಾರು ದೋಣಿಯಲ್ಲಿ ಬಂದರು. ಚಿಕ್ಕಮಾರಯ್ಯನನ್ನು ಹತ್ತಿಸಿಕೊಂಡು, ತೆಪ್ಪವನ್ನು ಹಿಂದಕ್ಕೆ ಕಟ್ಟಿದರು. ಮುದುಕನ ಹಲ್ಲು ಕಟಕಟ ಎನ್ನುತ್ತಿತ್ತು. "ಇವರನ್ನ ದಡ ಮುಟ್ಟಿಸಿ ಬಂದು ನಿಮ್ಮನ್ನ ಎಳ್ಕೊಂಡು ಹೋಗ್ತೀನಿ, ಇಲ್ಲೇ ಇರಿ" ಎಂದು ಹೊರಟರು. ಆದರೆ ಗಾಳಿ ಇರಗೊಡಲಿಲ್ಲ. ಹಾಯಿ ಬಡಿದುಕೊಳ್ಳುತ್ತಿದ್ದ ದೋಣಿಯನ್ನು ಅದು ಮೆಲ್ಲಮೆಲ್ಲಗೆ ಕೆರೆ ಏರಿಯ ಕಲ್ಲುಗಳ ಕಡೆಗೆ ತಳ್ಳತೊಡಗಿತು. ಆಶಾಳ ಬಲಗೈ ಆಗಲೇ ಊದಿ ಬೆರಳು ಮಡಿಸಲಾಗುತ್ತಿರಲಿಲ್ಲ.

"ಅಪ್ಪ, ನೀನೇ ಹಿಡೀಬೇಕು," ಎಂದಳು.

"ನಾ ಹಿಡಿಯಲ್ಲ." ಅವನು ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. "ಆವಯ್ಯ ಸತ್ತಿದ್ರೆ? ನೀನು ಕೇಳಿದ್ಯಲ್ಲ ಎಡಗಡೆ ಅಂತ... ನೋಡ್ದೆ ಕಣಮ್ಮ. ದೇವರಾಣೆ ನೋಡ್ದೆ. ಬರೀ ನೀರಿತ್ತು."

"ಗೊತ್ತಪ್ಪ."

"ಕತ್ತಲು ಕಂಡಿದ್ರೆ ಕಣ್ಣಿಲ್ಲ ಅನ್ಬೋದಿತ್ತು. ನೀರಿತ್ತಲ್ಲೇ!"

ಹೆಬ್ಬೂರಿನ ಆ ಹೆಣ್ಣುಮಗಳು ನೆನಪಾದಳು. ಅವಳ ಹಾಗೆ ಇನ್ನೂ ಯಾರು ಯಾರು ಇದ್ದರೋ! ತನಗೆ ಬರೀ ರಸ್ತೆಯಾಗಿ ಕಂಡ ಜಾಗದಲ್ಲಿ ಸ್ಕೂಲಿನ ಮಕ್ಕಳಿದ್ದರೋ, ದನ ಹೊಡೆದುಕೊಂಡು ಬರುವ ಅಜ್ಜಿಯರಿದ್ದರೋ. ಬಸ್ಸಿನೊಳಗೆ ತನ್ನನ್ನು ನಂಬಿ ನಿದ್ದೆಹೋದವರು. ಅವನು ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡ.

ಆಶಾ ಎಡಗೈಯಲ್ಲಿ ನೀರು ಮೊಗೆದು ಅವನ ಮುಖ ತೊಳೆದಳು. ಏರಿಯ ಕಲ್ಲುಗಳ ಮೇಲೆ ಅಲೆ ಒಡೆಯುವ ಸದ್ದು ಕೇಳಿಸತೊಡಗಿತ್ತು.

"ಅಪ್ಪ, ಇಲ್ಲಿ ನೋಡು. ಸ್ಟ್ಯಾಂಡಲ್ಲಿ ಬಸ್ ರಿವರ್ಸ್ ತಗೊಳ್ಳೋವಾಗ ನಿಂಗೆ ಹಿಂದೆ ಕಾಣ್ತಿತ್ತಾ?"

"ಕಂಡಕ್ಟರ್ ಹೇಳ್ತಿದ್ದ."

"ನಾನು ಹೇಳ್ತೀನಿ. ನೀನು ಹಿಡಿ."

ಅವನು ಹಿಂದಕ್ಕೆ ಸರಿದು ಕೂತ. ಹಗ್ಗ ಎಳೆದ. ದೋಣಿ ಮೊದಲು ಮುನಿಸಿಕೊಂಡು, ಆಮೇಲೆ ನಿಧಾನವಾಗಿ ಮುಂದಕ್ಕೆ ಹೊರಟಿತು.

"ರೆಡಿನಾ?" ಎಂದ.

"ತಾಳು, ಒಂದು ದೋಣಿ ಹೋಗ್ತಾ ಇದೆ... ಹೋಯ್ತು. ಖಾಲಿ. ಬರ್ಲಿ, ಬರ್ಲಿ, ಬರ್ಲಿ... ಬಗ್ಗು!"

ಹಿಡಿಯನ್ನು ಹಾಯಿಯ ಕಡೆಗೆ ನೂಕಿದ. ದಂಡ ತಲೆಯ ಮೇಲೆ ಹಾದುಹೋಯಿತು. ಮಂಡಿಯೂರಿ ಆಚೆ ಪಕ್ಕಕ್ಕೆ ಹೋಗುವಾಗ ಮೊಣಕಾಲು ತರಚಿತು. ಹಾಯಿ ಗಾಳಿ ಹಿಡಿಯಿತು. ಆಶಾ ಹಲ್ಲು ಕಚ್ಚಿ ಎಡಗೈಯಲ್ಲೇ ಚಿಕ್ಕ ಹಾಯಿಯ ಹಗ್ಗ ಎಳೆದುಕೊಂಡಳು. ಹೀಗೆ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ನಡುವೆ ಒಂದು ಸಲ ಕೈ ಮತ್ತೆ ಸ್ಟೀರಿಂಗಿನ ಬುದ್ಧಿ ತೋರಿಸಿ ದೋಣಿ ನಿಂತುಹೋಯಿತು. ಅವಳು ಕಾದಳು, ಅವನು ತಿದ್ದಿಕೊಂಡ. ಅಂಜನಮೂರ್ತಿ ಎದುರಿಗೆ ಬಂದವರು ಎಳೆಯುವ ಹಗ್ಗ ಎಸೆಯದೆ, ಸ್ವಲ್ಪ ದೂರದಲ್ಲಿ ಜೊತೆಜೊತೆಗೆ ಬಂದರು.

ದಡದಲ್ಲಿ ಚಿಕ್ಕಮಾರಯ್ಯ ಕಂಬಳಿ ಹೊದ್ದು ಟೀ ಕುಡಿಯುತ್ತಿದ್ದ. ಶಿವರಾಮಯ್ಯ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈ ಮುಗಿದ. ಬಲೆ ಹರಿದಿತ್ತು, ತೆಪ್ಪದ ಅಂಚು ಮುರಿದಿತ್ತು. ತಾನೇ ನಿಂತು ಸರಿಮಾಡಿಸಿ ಕೊಡುವುದಾಗಿ ಹೇಳಿದ.

"ಮಾಡ್ಸಿಕೊಡೀರಂತೆ ಬುಡಿ," ಎಂದ ಮುದುಕ. "ಮೊದ್ಲು ಆ ಮಗೀನ ಕೈ ತೋರ್ಸೋಗಿ."

ಕುಣಿಗಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಾ ಬೆಂಚಿನ ಮೇಲೆ ಇಬ್ಬರೂ ಕೂತರು. ಶಿವರಾಮಯ್ಯ ಹೇಳಿದ: "ಡಿಪೋಗೆ ಹೋಗೋ ಮುಂಚೆ ನಂಗೊಂದು ಮಾತು ಹೇಳ್ಬೇಕಿತ್ತು ನೀನು."

"ಹೇಳಿದ್ರೆ ಹೋಗಕ್ಕೆ ಬಿಡ್ತಿದ್ಯಾ ಅಪ್ಪ?"

ಅವನು ಯೋಚಿಸಿದ. "ಬಿಡ್ತಿರ್ಲಿಲ್ಲ," ಎಂದ. "ಆದ್ರೂ ಉರೀತದೆ ಕಣೇ. ಈಗ್ಲೂ ಉರೀತದೆ."

"ನಂಗೂ," ಎಂದಳು ಅವಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಅವನಿಗೆ ಕಾಣಲಿಲ್ಲ. ಏಕೆಂದರೆ ಅವಳು ಅವನ ಎಡಕ್ಕೆ ಕೂತಿದ್ದಳು, ಮುಖ ಕಾಣಲು ಅವನು ಇಡೀ ಕತ್ತು ತಿರುಗಿಸಬೇಕಾಗಿತ್ತು. ಆ ಕಡೆ ಬೆಂಚು ಖಾಲಿ ಇದ್ದಂತೆಯೇ ಇತ್ತು. ಅವಳ ದನಿ ಮಾತ್ರ ಬರುತ್ತಿತ್ತು.

ಶಿವರಾಮಯ್ಯ ಸರಿದು ತನ್ನ ಬಲಗಡೆ ಜಾಗ ಮಾಡಿದ.

"ಈ ಕಡೆ ಬಂದು ಕೂತ್ಕೋ," ಎಂದ. "ಅಲ್ಲಿ ಕೂತ್ರೆ ನೀನು ಕಾಣಲ್ಲ ನಂಗೆ."