ಮುಂದಿನ ಡಿಕ್ಕಿಯ ಮರಳು

ನಾನು ಒಂದು ಕಾರು. ಬೇರೆ ಕಾರುಗಳಿಗೆ ಎಂಜಿನ್ನು ಮುಂದಿರುತ್ತದೆ, ಸಾಮಾನಿಡುವ ಡಿಕ್ಕಿ ಹಿಂದಿರುತ್ತದೆ. ನನ್ನದು ತಿರುಗಾಮುರುಗ. ಎಂಜಿನ್ನನ್ನು ಬೆನ್ನಿಗೆ ಕಟ್ಟಿ, ಡಿಕ್ಕಿಯನ್ನು ಮೂತಿಯಲ್ಲಿಟ್ಟು ನನ್ನನ್ನು ಮಾಡಿದರು. ಸಮುದ್ರದಾಚೆ ಯಾವುದೋ ಚಳಿಯ ಊರಿನಲ್ಲಿ ಹುಟ್ಟಿದೆನಂತೆ. ಅದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಹಡಗಿನ ಹೊಟ್ಟೆಯೊಳಗಿನ ಕತ್ತಲು, ಆಮೇಲೆ ಮದ್ರಾಸಿನ ಬಿಸಿಲು, ಅದಾದ ಮೇಲೆ ಕರಡಿಬೆಟ್ಟದ ಚಿನ್ನದ ಗಣಿ. ಗಣಿ ಆಸ್ಪತ್ರೆಯ ಡಾಕ್ಟರ್ ಲೋಬೊ ನನ್ನನ್ನು ತರಿಸಿದವರು.

ನಾನು ಜನರನ್ನು ಮುಖದಿಂದ ಗುರುತು ಹಿಡಿಯುವುದಿಲ್ಲ, ಪಾದದಿಂದ ಹಿಡಿಯುತ್ತೇನೆ. ಲೋಬೊ ಅವರದು ಪಾಲಿಶ್ ಹಾಕಿದ ಬೂಟಿನ ಪಾದ. ಅವಸರದ ಪಾದ.

ಗಣಿಯ ಕಂಪನಿಯವರು ಅದುರು ಸಾಗಿಸಲು ಬೆಟ್ಟದ ಸುತ್ತ ಒಂದು ರಸ್ತೆ ಮಾಡಿದ್ದರು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಇಳಿಜಾರು, ನಡುವೆ ಹಾವಿನಂತೆ ಹೊರಳುವ ದಾರಿ. ವಾರವೆಲ್ಲ ಲಾರಿ ಓಡುತ್ತಿತ್ತು. ಭಾನುವಾರ ಮೋಟಾರು ಸಂಘದವರು ಗೇಟು ತೆಗೆಯುತ್ತಿದ್ದರು. ಟಿಕೆಟ್ಟು ಕೊಂಡವರು ಯಾರೇ ಆಗಲಿ, ಜೀಪೋ ಸ್ಕೂಟರೋ ಏನಾದರೂ ತಂದು ಒಂದು ಸುತ್ತು ಹೊಡೆಯಬಹುದಿತ್ತು. ಅದಕ್ಕೆ 'ಕರಡಿಸುತ್ತು' ಅಂತಲೇ ಹೆಸರು.

ಅಲ್ಲೊಂದು ಪದ್ಧತಿ ಇತ್ತು. ಯಾವ ತಿರುವಿನಲ್ಲಿ ಯಾರು ಬಿದ್ದರೋ ಆ ತಿರುವಿಗೆ ಅವರ ಹೆಸರು. ಬಿದ್ದು ಎದ್ದವರ ಹೆಸರನ್ನು ನಗುತ್ತಾ ಹೇಳುವರು, ಏಳದೆ ಹೋದವರದನ್ನು ದನಿ ತಗ್ಗಿಸಿ ಹೇಳುವರು. ನನ್ನ ಕಣ್ಣೆದುರಿಗೇ ಎಷ್ಟೋ ತಿರುವುಗಳಿಗೆ ಹೆಸರು ಬಂತು. ಒಂದು ಕರಿ ಕಾರು ಮೂರು ಪಲ್ಟಿ ಹೊಡೆದು ಇಳಿಜಾರಿನಲ್ಲಿ ಮಲಗಿದ್ದನ್ನು ನೋಡಿದ್ದೇನೆ. ಅದರ ವೈಪರು ಮಾತ್ರ ಸಂಜೆವರೆಗೂ ಆಡುತ್ತಲೇ ಇತ್ತು.

ಲೋಬೊ ಅವರೂ ಒಂದು ತಿರುವಿಗೆ ಹೆಸರು ಕೊಟ್ಟರು. ನನ್ನ ಮೂತಿ ಹಗುರ, ರಸ್ತೆಯನ್ನು ಕಚ್ಚುವುದಿಲ್ಲ. ಸ್ಟೇರಿಂಗ್ ತಿರುಗಿಸಿದರೂ ನಾನು ನೇರಕ್ಕೇ ಹೋಗುತ್ತೇನೆ. ಅದಕ್ಕೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮುಗಿಯಿತು. ಹಿಂಭಾಗ ಎದ್ದು, ಹಿಂದಿನ ಚಕ್ರಗಳು ಒಳಕ್ಕೆ ಮಡಚಿಕೊಂಡು, ಬೆನ್ನಿನ ಭಾರ ಕವಣೆ ಕಲ್ಲಿನ ಹಾಗೆ ಗಿರ್ರನೆ ಸುತ್ತಿಬಿಡುತ್ತದೆ. ಡಾಕ್ಟರು ಹೆದರಿದರು, ಕಾಲು ತೆಗೆದರು. ಇಬ್ಬರೂ ಚರಂಡಿಯಲ್ಲಿ ಬಿದ್ದೆವು. ಅವರ ಕೈ ಮುರಿಯಿತು.

"ಡಾಕ್ಟರ್ ಸಾಬ್, ನಿಮ್ಮ ಮದುವಣಗಿತ್ತಿಗೆ ಸೊಂಟ ಭಾರ, ತಲೆ ಹಗುರ" ಎಂದು ಗ್ಯಾರೇಜಿನ ರಹಮತುಲ್ಲಾ ನಕ್ಕ. "ಮುಂದಿನ ಡಿಕ್ಕೀಲಿ ಒಂದು ಮರಳು ಮೂಟೆ ಮಡಗಿ. ಆಮೇಲೆ ಹೇಳಿದ ಮಾತು ಕೇಳ್ತಾಳೆ."

ಅಂದಿನಿಂದ ಒಂದು ಗೋಣಿಚೀಲದ ಮರಳು ನನ್ನ ಮೂತಿಯಲ್ಲಿ ಕೂತಿತು. ನಾನು ಮಾತು ಕೇಳುವವಳಾದೆ.

ಗಣಿ ಮುಚ್ಚಿತು, ಭಾನುವಾರದ ಕರಡಿಸುತ್ತು ಮಾತ್ರ ನಿಲ್ಲಲಿಲ್ಲ. ಡಾಕ್ಟರು ಮಂಗಳೂರಿಗೆ ಹೊರಟರು. ನನ್ನನ್ನು ಸೊಣ್ಣಪ್ಪ ಕೊಂಡ. ಸೊಣ್ಣಪ್ಪ ಗಣಿಯೊಳಕ್ಕೆ ಜನರನ್ನು ಇಳಿಸಿ ಏರಿಸುವ ಲಿಫ್ಟಿನ ಡ್ರೈವರಾಗಿದ್ದವನು. ಕತ್ತಲ ಬಾವಿಯೊಳಗೆ ಹಗ್ಗದ ತುದಿಯಲ್ಲಿ ನಿಂತವರಿಗೆ ಒಂದು ಜಗ್ಗು ಕೂಡ ಗೊತ್ತಾಗದ ಹಾಗೆ ಇಳಿಸುತ್ತಿದ್ದನಂತೆ. ನನ್ನೊಳಗೆ ಕೂರುವಾಗ ಚಪ್ಪಲಿ ಬಿಟ್ಟು ಕೂರುತ್ತಿದ್ದ. ಬರಿಗಾಲು. ಒರಟು ಹಿಮ್ಮಡಿ. ಆ ಪಾದ ಒಂದು ದಿನವೂ ನನ್ನನ್ನು ಗದರಲಿಲ್ಲ.

ಅವನ ಮಗಳು ಪ್ರಭಾವತಿ ನನ್ನಲ್ಲೇ ಓಡಿಸುವುದು ಕಲಿತಳು. ಅವಳಿಗೆ ಅವನು ಹೇಳಿದ್ದು ಒಂದೇ ಪಾಠ.

"ತಿರುವಿನ ಒಳಕ್ಕೆ ಹೋದ್ಮೇಲೆ ಕಾಲು ತೆಗೀಬೇಡ ಕಣಮ್ಮ. ಹೆದರೋದಿದ್ರೆ ಮುಂಚೇನೇ ಹೆದರ್ಬುಡು."

"ಮುಂಚೆ ಹೆದರಕ್ಕೆ ಮರ್ತೋದ್ರೆ?"

"ಮರ್ತೋದ್ರೆ ನಿನ್ನ ಹೆಸರಲ್ಲಿ ಒಂದು ತಿರುವು ಆಯ್ತದೆ. ನಮ್ಮ ಮನೆ ಹೆಸರು ಆ ರಸ್ತೇಲಿ ಬೇಡ."

ಸೊಣ್ಣಪ್ಪನಿಗೆ ಇದ್ದ ಹೆಮ್ಮೆ ಅದೊಂದೇ. ಎಷ್ಟೋ ವರ್ಷದಿಂದ ಕರಡಿಸುತ್ತಿನಲ್ಲಿ ಓಡಿಸಿದರೂ ಯಾವ ತಿರುವಿಗೂ ಅವನ ಹೆಸರಿರಲಿಲ್ಲ.

ವರ್ಷಕ್ಕೊಮ್ಮೆ, ವಿಜಯದಶಮಿಯ ದಿನ, ಹಳೆ ಕಾರುಗಳ ಓಟ ಇರುತ್ತಿತ್ತು. ಒಂದು ವರ್ಷ ಅಪ್ಪ ಮೊದಲು, ಅವನು ಬಂದ ಮೇಲೆ ಅದೇ ಕಾರಿನಲ್ಲಿ ಮಗಳು ಅಂತ ತೀರ್ಮಾನವಾಗಿತ್ತು. ಹಿಂದಿನ ದಿನ ಆಯುಧಪೂಜೆ. ಅಪ್ಪ ಮಗಳಿಬ್ಬರೂ ತಿರುವುಗಳಿಗೆ ಸುಣ್ಣ ಬಳಿಯಲು ಸಂಘದವರ ಜೊತೆ ಹೋಗಿದ್ದರು. ಮನೆಯಲ್ಲಿ ಸೊಣ್ಣಪ್ಪನ ಹೆಂಡತಿ ಮುನಿರತ್ನಮ್ಮ ನನ್ನನ್ನು ತೊಳೆಯಲು ಬಂದಳು. ಮುಂದಿನ ಡಿಕ್ಕಿ ಎತ್ತಿ ನೋಡಿದರೆ ಗೋಣಿ ಕೊಳೆತಿತ್ತು, ಅದರೊಳಗೆ ಇಲಿ ಮರಿ ಹಾಕಿತ್ತು.

"ಥೂ, ಇವರ ಮನೆ ಕಾಯ! ಪೂಜೆ ಆಗೋ ಗಾಡೀಲಿ ಇಲಿ ಬಾಣಂತನಾನ ಇದು?"

ಮೂಟೆಯನ್ನು ಎಳೆದೊಯ್ದು ನುಗ್ಗೇಮರದ ಬುಡದಲ್ಲಿ ಸುರಿದಳು. ಡಿಕ್ಕಿಯನ್ನು ತಿಕ್ಕಿ ತೊಳೆದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಇಟ್ಟು ಮುಚ್ಚಿದಳು. ತಪ್ಪು ಮಾಡಿದೆನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಆ ಮೂಟೆ ಯಾಕಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ನನಗೆ ಬಾಯೆಂದರೆ ಹಾರನ್ನೊಂದೇ. ಅದನ್ನೂ ಬೇರೆಯವರೇ ಒತ್ತಬೇಕು.

ಮರುದಿನ ಬೆಳಿಗ್ಗೆ ಗೇಟಿನವರೆಗೆ ಹೋಗುವಾಗ ಸೊಣ್ಣಪ್ಪ ಸ್ಟೇರಿಂಗನ್ನು ಆ ಕಡೆ ಈ ಕಡೆ ಆಡಿಸಿದ.

"ಏನೋ ಹಗುರಾಗಿ ತಿರುಗ್ತದಲ್ಲಮ್ಮ ಇವತ್ತು?"

"ಪೂಜೆಗೆ ಅಂತ ಮುಂದಕ್ಕೆ ಹೊಸ ಟೈರು ಹಾಕಿಸಿದ್ಯಲ್ಲಪ್ಪ" ಎಂದಳು ಪ್ರಭಾವತಿ.

"ಹೌದು ಕಣೆ, ಅದಕ್ಕೇ ಇರ್ಬೇಕು."

ಹಾಗೆಂದು ಇಬ್ಬರೂ ಮರೆತರು. ಅವಳು ಗೇಟಿನಲ್ಲಿ ಇಳಿದು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ತನ್ನ ಸರದಿಗೆ ಕಾದಳು.

ಮೊದಲ ತಿರುವುಗಳಲ್ಲಿ ನಿಧಾನವಿದ್ದುದರಿಂದ ಹೇಗೋ ನಡೆಯಿತು. ಹುಣಸೆಮರದ ತಿರುವಿಗೆ ಬರುವಾಗ ಇಳಿಜಾರು, ವೇಗ ಏರಿತ್ತು. ಆ ತಿರುವಿನಲ್ಲಿ ಯಾರೂ ಬಿದ್ದಿರಲಿಲ್ಲ, ಅದಕ್ಕೇ ಅದಕ್ಕಿನ್ನೂ ಮರದ ಹೆಸರೇ ಇತ್ತು. ಯಾರೂ ಬೀಳದ ಜಾಗ ಅಂತಲೇ ಜನ ಅಲ್ಲಿನ ಮೋಟುಗೋಡೆ ಮೇಲೆ ಕೂತು ನೋಡುತ್ತಿದ್ದರು. ಸೊಣ್ಣಪ್ಪ ಬಲಕ್ಕೆ ತಿರುಗಿಸಿದ. ನನ್ನ ಮೂತಿ ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದ. ನಾನು ನೇರಕ್ಕೆ, ಆ ಗೋಡೆಯ ಕಡೆಗೇ ಜಾರಿದೆ. ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ಮಕ್ಕಳು, ಕಡಲೆಕಾಯಿ ಮಾರುವ ಹೆಂಗಸು. ಅವಳ ಮಂಕರಿಯಲ್ಲಿ ಹೊಗೆಯಾಡುತ್ತಿದ್ದ ಮಡಕೆ ಕೂಡ ನನಗೆ ಕಂಡಿತು.

ಆಗ ಆ ಪಾದ ಎದ್ದಿತು. ಡಾಕ್ಟರ ಪಾದದ ಹಾಗೆ ಬೆಚ್ಚಿ ಎದ್ದದ್ದಲ್ಲ. ಅದು ಗೊತ್ತಿದ್ದೇ ಎದ್ದದ್ದು. ಲಿಫ್ಟಿನ ಸನ್ನೆಗೋಲು ಬಿಟ್ಟ ಹಾಗೆ ಮೆಲ್ಲಗೆ, ಪೂರ್ತಿಯಾಗಿ. ಕಾಲು ತೆಗೆದರೆ ನಾನು ಸುತ್ತುತ್ತೇನೆ, ಸುತ್ತಿದರೆ ಗೋಡೆ ತಪ್ಪುತ್ತದೆ, ಬಂಡೆ ಸಿಗುತ್ತದೆ. ಇಷ್ಟೂ ಆ ಪಾದಕ್ಕೆ ಗೊತ್ತಿತ್ತು. ನಾನು ಸುತ್ತಿದೆ. ಬಂಡೆ ಅವನು ಕೂತ ಮಗ್ಗುಲಿಗೇ ಬಂತು.

ಗೇಟಿನಿಂದ ಎಲ್ಲರಿಗಿಂತ ಮುಂದೆ ಪ್ರಭಾವತಿ ಓಡಿ ಬಂದಳು. ಅಪ್ಪನನ್ನು ಎಳೆದು ಮಲಗಿಸುವ ಹೊತ್ತಿಗೆ ಉಸಿರಿರಲಿಲ್ಲ. ಅವಳು ಅಳಲಿಲ್ಲ. ಎದ್ದು ಬಂದು, ಬಾಯಿಬಿಟ್ಟಿದ್ದ ನನ್ನ ಮುಂದಿನ ಡಿಕ್ಕಿಯೊಳಗೆ ನೋಡಿದಳು. ತೊಳೆದ ತಗಡು. ಕುಂಕುಮ. ಚೆಂಡುಹೂವು. ಬಹಳ ಹೊತ್ತು ನೋಡಿದಳು. ಆಮೇಲೆ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದಳು.

ಸಂಘದ ಸೆಕ್ರೆಟರಿ ಕಸ್ತೂರಿರಂಗನ್ ಹತ್ತಿರ ಬಂದರು. "ಇದರಲ್ಲಿ ಭಾರಕ್ಕೆ ಅಂತ ಏನೋ ಇಡ್ತಿದ್ರು ಅಲ್ವೇನಮ್ಮ?"

"ಇಲ್ಲ ಸಾರ್. ಯಾವತ್ತೂ ಏನೂ ಇಡ್ತಿರ್ಲಿಲ್ಲ."

"ಮತ್ತೆ ಅಂಥ ಮನುಷ್ಯ ತಿರುವಲ್ಲಿ ಕಾಲು ತೆಗೆಯೋದು ಅಂದ್ರೆ..."

"ವಯಸ್ಸಾಗಿತ್ತು ಸಾರ್. ಹೆದರಿರಬೇಕು."

ಆ ಮಾತು ಅವಳ ಬಾಯಿಂದ ಹೇಗೆ ಬಂತೋ. ಮೂಟೆಯ ಸುದ್ದಿ ಎತ್ತಿದರೆ ಅಪ್ಪನ ಹೆಸರು ಉಳಿಯುತ್ತಿತ್ತು. ಆದರೆ ಮೂಟೆ ತೆಗೆದವರು ಯಾರು ಎಂದು ಸಂಜೆಯೊಳಗೆ ಊರು ಕೇಳುತ್ತಿತ್ತು. ತೀರಿಹೋದವನ ಹೆಸರನ್ನು ಬಿಟ್ಟುಕೊಟ್ಟು ಬದುಕಿದ್ದವಳನ್ನು ಅವಳು ಉಳಿಸಿಕೊಂಡಳು. ಹುಣಸೆಮರದ ತಿರುವು ಅಂದಿನಿಂದ 'ಸೊಣ್ಣಪ್ಪ ಕಾಲು ತೆಗೆದ ತಿರುವು' ಆಯಿತು. ಹುಡುಗರು ಸ್ಕೂಟರಿನಲ್ಲಿ ಹೋಗುವಾಗ, "ಲೋ, ಸೊಣ್ಣಪ್ಪ ಆಗ್ಬೇಡ ಕಣೋ, ಒತ್ತು ಒತ್ತು!" ಎಂದು ಕೂಗಿಕೊಳ್ಳುತ್ತಿದ್ದರು. ಪ್ರಭಾವತಿ ಕೇಳಿಸಿಕೊಂಡೇ ನಡೆದು ಹೋಗುತ್ತಿದ್ದಳು.

ನನ್ನನ್ನು ಎಳೆದು ತಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಟ್ಟರು. ಗುಜರಿಯವನು ಬಂದು ಕೇಳಿದ, ಅವಳು ಕೊಡಲಿಲ್ಲ. ಕರಡಿಸುತ್ತಿಗೆ ಅವಳು ಮತ್ತೆ ಕಾಲಿಡಲಿಲ್ಲ. ಹೊಟ್ಟೆಪಾಡಿಗೆ ಒಂದು ಸಣ್ಣ ಕಾರು ಇಟ್ಟುಕೊಂಡು ಊರಿನವರಿಗೆ ಡ್ರೈವಿಂಗ್ ಹೇಳಿಕೊಟ್ಟಳು. ಅಂಗಳದಿಂದ ಅವಳ ದನಿ ನನಗೆ ಕೇಳುತ್ತಿತ್ತು. "ಹೆದರೋದಿದ್ರೆ ಮುಂಚೇನೇ ಹೆದರ್ಬುಡಿ ಅಕ್ಕ." ಆಗೆಲ್ಲ ನನ್ನ ತುಕ್ಕು ಹಿಡಿದ ಪೆಡಲಿಗೆ ಆ ಒರಟು ಹಿಮ್ಮಡಿ ನೆನಪಾಗುತ್ತಿತ್ತು.

ಒಮ್ಮೆ ಮಾತ್ರ ಮುನಿರತ್ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಮಗಳನ್ನು ಕೇಳಿದ್ದಳು.

"ನಿಮ್ಮಪ್ಪ ಯಾಕಮ್ಮ ಕಾಲು ತೆಗೆದ್ರು?"

"ವಯಸ್ಸಾಗಿತ್ತಲ್ಲಮ್ಮ."

"ಹೌದು" ಎಂದಳು ಅವಳು. "ವಯಸ್ಸಾಗಿತ್ತು."

ಮತ್ತೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ನುಗ್ಗೇಮರದ ಬುಡದ ಮರಳನ್ನು ಅಮ್ಮನೂ ಗುಡಿಸಲಿಲ್ಲ, ಮಗಳೂ ಗುಡಿಸಲಿಲ್ಲ. ಮಳೆ ಎಷ್ಟು ಕೊಚ್ಚಿಕೊಂಡು ಹೋಯಿತೋ ಅಷ್ಟು ಹೋಯಿತು, ಮಿಕ್ಕಿದ್ದು ಅಲ್ಲೇ ಇತ್ತು.

ಈಗ ನನಗೆ ಚಕ್ರಗಳಿಲ್ಲ. ಇಟ್ಟಿಗೆಗಳ ಮೇಲೆ ಕೂತಿದ್ದೇನೆ. ನಿನ್ನೆ ಆಯುಧಪೂಜೆ. ಪ್ರಭಾವತಿ ತನ್ನ ಸಣ್ಣ ಕಾರಿಗೆ ಪೂಜೆ ಮುಗಿಸಿ ಒಳಗೆ ಹೋದ ಮೇಲೆ ಮುನಿರತ್ನಮ್ಮ ಶೆಡ್ಡಿಗೆ ಬಂದಳು. ಬಹಳ ಬಗ್ಗಿಹೋಗಿದ್ದಾಳೆ. ಕೈಯಲ್ಲಿ ಒಂದು ಬಕೆಟ್ಟು. ನನ್ನ ಡಿಕ್ಕಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಒದ್ದಾಡಿ ಎತ್ತಿದಳು. ಬಕೆಟ್ಟಿನಲ್ಲಿದ್ದುದನ್ನು ಒಳಗೆ ಸುರಿದಳು. ಮರಳು. ಬೇರಿನ ಚೂರು, ನುಗ್ಗೆ ಎಲೆ ಎಲ್ಲ ಬೆರೆತ ಅದೇ ಮರಳು. ಮತ್ತೆ ಹೋದಳು, ಮತ್ತೆ ತಂದು ಸುರಿದಳು. ಏದುಸಿರು ಬಿಡುತ್ತಿದ್ದಳು.

ತಿರುಗಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನಿಗೆ ಯಾವಾಗಿಂದ ಗೊತ್ತಿತ್ತು ಅಂತ ಮಗಳು ಕೇಳಲಿಲ್ಲ.

"ಸೊಂಟ ಹಿಡ್ಕೊಂತದೆ ಅಮ್ಮ, ಕೊಡಿಲ್ಲಿ" ಎಂದು ಪ್ರಭಾವತಿ ಬಕೆಟ್ಟನ್ನು ಇಸಿದುಕೊಂಡಳು. ನುಗ್ಗೇಮರದ ಬುಡ ಬರಿದಾಗುವವರೆಗೂ ಅವಳು ತಂದು ಸುರಿದಳು, ಅಮ್ಮ ಕೈಯಲ್ಲಿ ಹರಡಿ ಸಮ ಮಾಡಿದಳು. ಕೊನೆಗೆ ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಮುಚ್ಚಳ ಮುಚ್ಚಿದರು.

ನನ್ನ ಮೂತಿಗೆ ಭಾರ ಮತ್ತೆ ಬಂದಿದೆ. ಈಗ ಚಕ್ರ ಹಾಕಿ ಹುಣಸೆಮರದ ತಿರುವಿಗೆ ಬಿಟ್ಟರೆ ನಾನು ಸ್ಟೇರಿಂಗ್ ಹೇಳಿದ ಹಾಗೆ ತಿರುಗಿಯೇನು. ಓಡಿಸಲು ಆ ಪಾದವಿಲ್ಲ.